ಮುಳ್ಳಿದ್ದ ಎಲುಬು, ಮುಳ್ಳಿಲ್ಲದ ಎಲುಬು: ಅವ್ವನ ಡಾಬಿಗೆ ಒಂದು ಬಿಲ್ಲೆ ಎರಕ ಹೊಯ್ದದ್ದು

ಮೊದಲ ಎರಕ ಕೆಟ್ಟಿತು. ಮೂಸೆಯಿಂದ ಬೆಳ್ಳಿ ಸುರಿದು ಎರಡು ಎಣಿಸುವಷ್ಟರಲ್ಲಿ ಅಚ್ಚಿನ ಬೆನ್ನ ಮೇಲೆ ಒಂದು ಕೆಂಪು ಚುಕ್ಕೆ ಕಾಣಿಸಿತು. ನೋಡುತ್ತಿದ್ದಂತೆ ಅದು ಅಗಲವಾಯಿತು. ಬೆಳ್ಳಿ ಅಲ್ಲಿಂದಲೇ ಹೊರಗೆ ಇಳಿದು, ಕೆಳಗಿಟ್ಟಿದ್ದ ಉಸುಕಿನ ತಟ್ಟೆಗೆ ಬಿತ್ತು. ತಣ್ಣಗಾದ ಮೇಲೆ ಅಚ್ಚು ಬಿಚ್ಚಿದರೆ ಒಳಗೆ ಅರ್ಧ ಹೂವು ಇತ್ತು. ಎಂಟು ಎಸಳಲ್ಲಿ ಮೂರು ಚೆನ್ನಾಗಿ ಮೂಡಿದ್ದವು, ಉಳಿದದ್ದು ಖಾಲಿ.

ಅಚ್ಚು ಅಂದರೆ ಮಣ್ಣಿನದಲ್ಲ, ಕಟಲ್‌ಫಿಶ್ ಎಂಬ ಕಡಲ ಪ್ರಾಣಿಯ ಎಲುಬು. ಗಿಡಮೂಲಿಕೆ ಅಂಗಡಿಗೆ ಹೋಗಿ ಸಮುದ್ರ ನೊರೆ ಕೊಡಿ ಅಂದರೆ ಇದನ್ನೇ ಕೊಡುತ್ತಾರೆ. ಆಯುರ್ವೇದದಲ್ಲಿ ಸಮುದ್ರಫೇನ. ಬೆಳ್ಳಗೆ, ಹಗುರ, ಉಗುರಿನಿಂದ ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ. ಕೆಲವರು ಗಿಳಿ ಪಂಜರದಲ್ಲಿ ಸಿಕ್ಕಿಸಿರುತ್ತಾರಲ್ಲ, ಅದೇ.

ನಾನು ಬೆಟಗೇರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅಪ್ಪ ಪತ್ತಾರಿಕೆ ಮಾಡುತ್ತಿದ್ದರು. ಈಗ ಕಣ್ಣು ಮೊದಲಿನ ಹಾಗಿಲ್ಲ, ಹತ್ತು ವರ್ಷದಿಂದ ಬೆಂಕಿ ಮುಟ್ಟಿಲ್ಲ. ಆದರೆ ಸಾಮಾನು ಎಲ್ಲ ಹಾಗೇ ಇವೆ: ಮೂಸೆ, ಇಕ್ಕಳ, ಅರ, ಒರೆಗಲ್ಲು. ಅವ್ವನ ಬೆಳ್ಳಿ ಡಾಬಿನಲ್ಲಿ ಒಂದು ಬಿಲ್ಲೆ ಕಳೆದು ಸುಮಾರು ವರ್ಷವಾಗಿತ್ತು. ತೋಂಟದಾರ್ಯ ಜಾತ್ರೆಯ ಗದ್ದಲದಲ್ಲಿ ಎಲ್ಲೋ ಬಿದ್ದದ್ದು. ಆ ಜಾಗದಲ್ಲಿ ಕೆಂಪು ದಾರ ಕಟ್ಟಿಕೊಂಡೇ ಅವ್ವ ಉಡುತ್ತಿದ್ದಳು. ಈ ಸಲ ತಮ್ಮನ ಮದುವೆಯೊಳಗೆ ಅದನ್ನು ಸರಿ ಮಾಡಬೇಕು ಅಂತ ನಾನೇ ಹಟ ಹಿಡಿದೆ. ಹೊಸ ಬಿಲ್ಲೆ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಈ ಹೂವು ಸಿಗುವುದಿಲ್ಲ. ಎಂಟು ಎಸಳು, ನಡುವೆ ಸಣ್ಣ ಗುಂಡು, ಸುತ್ತ ಹಗ್ಗದ ಅಂಚು. ಅಗಲ 18 ಮಿಲಿಮೀಟರು, ದಪ್ಪ 4, ತೂಕ ಆರೂವರೆ ಗ್ರಾಂ. ಹಿಂಬದಿ ಸಪಾಟು.

ಉಳಿದ ಬಿಲ್ಲೆಗಳಲ್ಲಿ ಒಂದನ್ನು ಬಿಚ್ಚಿ, ಎಲುಬಿನ ಮೆತ್ತಗಿನ ಮೈಗೆ ಒತ್ತಿ ತೆಗೆದರೆ ಅಚ್ಚು ತಯಾರು. ಅಪ್ಪ ಹೇಳಿದ ವಿಧಾನ ಇಷ್ಟೇ. ಮಣ್ಣು ಅರೆಯಬೇಕಿಲ್ಲ, ಮೇಣದ ಮಾದರಿ ಬೇಕಿಲ್ಲ. ಆದರೆ ಎಲುಬು ಆರಿಸುವುದರಲ್ಲೇ ಅರ್ಧ ಕೆಲಸ ಇದೆ ಅನ್ನುವುದು ಆಗ ನನಗೆ ಗೊತ್ತಿರಲಿಲ್ಲ.

ಒಡೆದ ಅಚ್ಚನ್ನು ಎಸೆಯಲಿಲ್ಲ. ಅಡುಗೆಮನೆಯ ಕಟ್ಟೆ ಮೇಲೆ ಇಟ್ಟುಕೊಂಡು ಅಳೆದೆ. ಎಲುಬಿನ ಉದ್ದ ಎಂಟೂವರೆ ಸೆಂಟಿಮೀಟರು, ಅಗಲ 2.8, ನಡುವೆ ದಪ್ಪ 8 ಮಿಲಿಮೀಟರು. ಮುಖ ಸಪಾಟು ಮಾಡಲು ಉಜ್ಜಿದಾಗ ಒಂದೂವರೆ ಮಿಲಿಮೀಟರು ಹೋಗಿತ್ತು. ಬಿಲ್ಲೆ 4 ಮಿಲಿಮೀಟರು ಒಳಗೆ ಇಳಿದಿತ್ತು. ಹಾಗಾದರೆ ಹಿಂದೆ ಉಳಿದದ್ದು ಎರಡೂವರೆ. ಅದೂ ನಟ್ಟನಡುವೆ ಮಾತ್ರ. ಎಲುಬಿನ ಬೆನ್ನು ದೋಣಿಯ ತಳದಂತೆ ಬಾಗಿರುತ್ತದೆ, ಅಂಚಿಗೆ ಹೋದಂತೆ ದಪ್ಪ ಇಳಿಯುತ್ತದೆ. ಬಿಲ್ಲೆಯ ಅಂಚಿನ ಹಿಂದೆ ಒಂದು ಮಿಲಿಮೀಟರೂ ಇರಲಿಲ್ಲ. ಮೇಲಾಗಿ ತಂತಿ ಬಿಗಿದಾಗ ಬೆನ್ನಿನ ಗಟ್ಟಿ ಪದರ ಚಿಟಿಕೆಯಷ್ಟು ಬಿರಿದಿತ್ತು. ಬೆಳ್ಳಿ ಅಲ್ಲಿಂದಲೇ ದಾರಿ ಮಾಡಿಕೊಂಡಿತ್ತು.

ಅಪ್ಪ ಆ ತುಂಡನ್ನು ಕೈಗೆ ತಗೊಂಡು ಹೆಬ್ಬೆರಳಿನಿಂದ ಬಾಲದ ತುದಿ ಸವರಿದರು.

"ಇದರ ಮುಳ್ಳ ಎಲ್ಲೈತಿ?"

"ಯಾವ ಮುಳ್ಳ ಅಪ್ಪಾ?"

"ನಾವು ತರತಿದ್ದ ಎಲುಬಿಗೆ ಬಾಲದ ಕಡೆ ಒಂದು ಮುಳ್ಳ ಇರತಿತ್ತವ್ವಾ. ಸ್ವಲ್ಪ ಮೈಮರೆತ್ರ ಬೆರಳಿಗೆ ಚುಚ್ಚತಿತ್ತು. ಇದು ಆ ಜಾತಿದಲ್ಲ."

ಅಂಗಡಿಯಿಂದ ತಂದಿದ್ದ ಚೀಲ ಬಗ್ಗಿಸಿ ನೋಡಿದೆ. ಏಳು ಎಲುಬು ಇದ್ದವು. ಒಂದಕ್ಕೂ ಮುಳ್ಳಿಲ್ಲ. ಒಣಗಿದ ಎಲುಬಿನ ಮುಳ್ಳು ಬೇಗ ಮುರಿಯುತ್ತದೆ, ಚೀಲದಲ್ಲಿ ಒಂದಕ್ಕೊಂದು ತಾಗಿ ಉದುರಿರಬಹುದು ಅಂದುಕೊಂಡೆ. ಲೆನ್ಸ್ ಹಿಡಿದು ನೋಡಿದರೆ ಮುರಿದ ಗಾಯ ಯಾವುದರಲ್ಲೂ ಇಲ್ಲ. ಬದಲಿಗೆ ಬಾಲದ ತುದಿ ಚಮಚದಂತೆ ಅಗಲವಾಗಿ ಹರಡಿತ್ತು. ಆ ಭಾಗ ಸುಣ್ಣದ್ದಲ್ಲ, ಉಗುರಿನಂತೆ ತೆಳ್ಳಗೆ, ಬೆಳಕಿಗೆ ಹಿಡಿದರೆ ಆಚೆ ಕಾಣುವಂತಿತ್ತು. ಅಪ್ಪ ಬರೀ ಬೆರಳಿನಿಂದ ಹೇಳಿದ್ದು ನಿಜ. ಇದು ಬೇರೆಯೇ ಜಾತಿ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಸಿಗುವ ಕಟಲ್‌ಫಿಶ್ ಒಂದೇ ಬಗೆಯದಲ್ಲ. ಎಲ್ಲ ಒಂದೇ ಕುಟುಂಬದವು, ಸೆಪಿಡೇ. ಅದರೊಳಗೆ ದೊಡ್ಡಣ್ಣ ಅಂದರೆ ಸೆಪಿಯಾ ಫರಾವೋನಿಸ್, ಫೇರೋ ಕಟಲ್‌ಫಿಶ್. ಈಜಿಪ್ಟಿನ ಅರಸರ ಹೆಸರು ಇದಕ್ಕೆ ಯಾಕೆ ಅಂದರೆ, ಕೆಂಪು ಸಮುದ್ರದ ಸೀಮೆ ಸುತ್ತಿ ಬಂದ ಜರ್ಮನಿಯ ಎರೆನ್‌ಬರ್ಗ್ 1831ರಲ್ಲಿ ಇದನ್ನು ಮೊದಲು ವರ್ಣಿಸಿದ. ಮೈಯ ಚೀಲ, ಅಂದರೆ ತಲೆ ಬಿಟ್ಟು ಉಳಿದ ಮುಂಡ, 42 ಸೆಂಟಿಮೀಟರಿನವರೆಗೂ ಬೆಳೆಯುತ್ತದೆ. ತೂಕ 5 ಕಿಲೋ ಮುಟ್ಟುತ್ತದೆ. ಇದರ ಎಲುಬಿಗೆ ಬಾಲದಲ್ಲಿ ಮುಳ್ಳಿದೆ. ಸಣ್ಣದು ಸೆಪಿಯೆಲ್ಲಾ ಇನರ್ಮಿಸ್. ಇನರ್ಮಿಸ್ ಅಂದರೆ ಲ್ಯಾಟಿನ್ನಿನಲ್ಲಿ ಆಯುಧವಿಲ್ಲದ್ದು. ಎಲುಬಿಗೆ ಮುಳ್ಳಿಲ್ಲ ಅನ್ನುವುದೇ ಅದರ ಹೆಸರು. ಮುಂಡ ಹನ್ನೆರಡೂವರೆ ಸೆಂಟಿಮೀಟರಿನ ಆಚೆ ಹೋಗುವುದಿಲ್ಲ. ಎಲುಬು ಸಾಮಾನ್ಯವಾಗಿ ಮುಂಡದಷ್ಟೇ ಉದ್ದ ಇರುವುದರಿಂದ, ಈ ಜಾತಿಯ ಎಷ್ಟು ದೊಡ್ಡ ಎಲುಬು ಹುಡುಕಿದರೂ ನನ್ನ ಬಿಲ್ಲೆಗೆ ಬೇಕಾದ ದಪ್ಪ ಸಿಗುವುದು ಸಾಧ್ಯವೇ ಇರಲಿಲ್ಲ. ಕಿವಿಯ ಬೆಂಡೋಲೆಯ ಸಣ್ಣ ಹೂವಿಗೆ ಆದೀತು, ಡಾಬಿಗೆ ಅಲ್ಲ.

ಹೆಸರು ಗೊತ್ತಾದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ಎರಡನ್ನೂ ಇಡಿಯಾಗಿ, ಮೈಸಮೇತ ನೋಡಬೇಕು ಅನ್ನಿಸಿತು. ಗದಗಿಗೂ ಕಡಲಿಗೂ ಎಲ್ಲಿಂದ ಎಲ್ಲಿಗೆ! ಆದರೆ ಹುಬ್ಬಳ್ಳಿಗೆ ಕಡಲು ದಿನವೂ ಬರುತ್ತದೆ. ಕಾರವಾರ, ಅಂಕೋಲಾ ಕಡೆಯಿಂದ ರಾತ್ರಿ ಹೊರಟ ಮೀನಿನ ಗಾಡಿ ಅರಬೈಲ ಘಟ್ಟ ಹತ್ತಿ ಬೆಳಗಿಗೆ ಊರು ಸೇರುತ್ತದೆ. ಜೂನ್, ಜುಲೈ ಎರಡು ತಿಂಗಳು ಮಾತ್ರ ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಾನು ಹೋದದ್ದು ದೀಪಾವಳಿ ಕಳೆದ ಮೇಲೆ, ಮಾಲಿಗೆ ಬರವಿರಲಿಲ್ಲ.

ಶನಿವಾರ ಬೆಳಗಿನ ರೈಲಿಗೆ ಹುಬ್ಬಳ್ಳಿಗೆ ಹೋಗಿ, ಗಣೇಶಪೇಟೆಯ ಮೀನು ಮಾರ್ಕೆಟ್ಟಿಗೆ ಕಾಲಿಟ್ಟೆ. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಅಂಥ ಜಾಗಕ್ಕೆ ಹೋದದ್ದು ಅದೇ ಮೊದಲು. ಕೈಯಲ್ಲಿ ಸ್ಟೀಲ್ ಡಬ್ಬಿ, ಅಳತೆ ಪಟ್ಟಿ, ಲೆನ್ಸ್. ಮೂಲೆಯಲ್ಲಿ ಕೂತಿದ್ದ ಒಬ್ಬ ಅಕ್ಕನ ಮುಂದೆ ಬರ್ಫಿನ ಮೇಲೆ ಇವು ಇದ್ದವು. ಮಂಗಳೂರು ಕಡೆಯವರು ಕಪ್ಪೆ ಬೊಂಡಾಸ್ ಅನ್ನುತ್ತಾರೆ. ಬರೀ ಬೊಂಡಾಸ್ ಅಂದರೆ ಬೇರೆ, ಅದು ಸ್ಕ್ವಿಡ್. ಅದರೊಳಗೆ ಸುಣ್ಣದ ಎಲುಬು ಇರುವುದಿಲ್ಲ, ಪ್ಲಾಸ್ಟಿಕ್ ಗರಿಯಂಥ ಒಂದು ತೆಳ್ಳನೆ ಪಟ್ಟಿ ಇರುತ್ತದೆ.

"ತಿನ್ನಾಕ ಅಲ್ಲಕ್ಕಾ, ಎಲುಬು ಬೇಕಾಗಿತ್ತು," ಅಂದೆ. ಯಾಕೆ ಅಂತ ಹೇಳಿದೆ. ಡಾಬಿನ ಬಿಲ್ಲೆಯನ್ನೂ ತೋರಿಸಿದೆ. ಆಕೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಎಲುಬು ನಾವು ದಿನಾ ಚೆಲ್ಲತೀವಿ ಬಾಯಾರ. ಇದರಾಗ ಬೆಳ್ಳಿ ಹೊಯ್ತಾರು ಅಂತ ಇವತ್ತ ಕೇಳಿದ್ದು. ಕುಂದರ್ರಿ, ದೊಡ್ಡದು ಕೊಯ್ದು ಕೊಡತೀನಿ."

ಕೊಯ್ಯುವ ಮೊದಲು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲು ಬಿಟ್ಟಳು. ಆ ಅರ್ಧ ಗಂಟೆಯನ್ನು ನಾನು ಮರೆಯುವುದಿಲ್ಲ.

ದೊಡ್ಡದರ ಮುಂಡ 25 ಸೆಂಟಿಮೀಟರು. ಬೆನ್ನ ಮೇಲೆ ಅಡ್ಡಡ್ಡ ಕಂದು ಪಟ್ಟೆಗಳು, ಹುಲಿಯ ಮೈಯಂತೆ. ಬರ್ಫಿನಲ್ಲಿ ಬಣ್ಣ ಮಂಕಾಗಿದ್ದರೂ ಪಟ್ಟೆ ಎದ್ದು ಕಾಣುತ್ತಿತ್ತು. ಚಿಕ್ಕದರ ಮುಂಡ ಒಂಬತ್ತರ ಹತ್ತಿರ, ಪಟ್ಟೆ ಇಲ್ಲ. ಬೂದು ಮೈ, ಪಕ್ಕದ ರೆಕ್ಕೆಯ ಬುಡದ ಉದ್ದಕ್ಕೂ ಸಾಲಾಗಿ ಚುಕ್ಕೆಗಳು. ಎರಡಕ್ಕೂ ಎಂಟು ತೋಳು, ಅದರ ಜೊತೆ ಬೇಟೆ ಹಿಡಿಯುವ ಎರಡು ಉದ್ದ ಕೈ. ಈ ಉದ್ದ ಕೈಗಳನ್ನು ಪ್ರಾಣಿ ಕಣ್ಣಿನ ಕೆಳಗಿನ ಜೇಬಿನಲ್ಲಿ ಮಡಚಿ ಇಟ್ಟಿರುತ್ತದೆ. ಮೆಲ್ಲಗೆ ಎಳೆದರೆ ಹೊರಗೆ ಬರುತ್ತವೆ. ತುದಿಯಲ್ಲಿ ಎಲೆಯಾಕಾರದ ಅಂಗೈ, ಅದರ ತುಂಬ ಹೀರುಬಟ್ಟಲು.

ಗುರುತು ಹಿಡಿಯಬೇಕಾದ್ದು ಇಲ್ಲೇ. ದೊಡ್ಡದರ ಅಂಗೈಯಲ್ಲಿ ನಡುವಿನ ಕೆಲವು ಬಟ್ಟಲು ಉಳಿದವಕ್ಕಿಂತ ಎಷ್ಟೋ ಪಟ್ಟು ದೊಡ್ಡವು, ಕಡಲೆ ಕಾಳಿನ ನಡುವೆ ಅಡಿಕೆ ಇಟ್ಟಂತೆ. ಬೆರಳು ಇಟ್ಟರೆ ಅಂಚಿನ ಸಣ್ಣ ಹಲ್ಲು ತಾಗುತ್ತದೆ. ಚಿಕ್ಕದರ ಅಂಗೈಯಲ್ಲಿ ಬಟ್ಟಲೆಲ್ಲ ಒಂದೇ ಅಳತೆ. ಎಷ್ಟು ಸಣ್ಣವು ಅಂದರೆ ಬರಿಗಣ್ಣಿಗೆ ಬಟ್ಟೆಯ ನೇಯ್ಗೆಯಂತೆ ಕಂಡವು. ಲೆನ್ಸಿನಲ್ಲಿ ನೋಡಿದಾಗ ಧಾರವಾಡದ ಕಸೂತಿಯ ಹೊಲಿಗೆ ನೆನಪಾಯಿತು. ಎಣಿಸಿ ಹಾಕಿದ ಹಾಗೆ, ಸಾಲಿನ ಪಕ್ಕ ಸಾಲು.

ಚಿಕ್ಕದಕ್ಕೆ ಇನ್ನೊಂದು ಗುರುತು ಇದೆ. ಹಿಂದೆ ಎರಡು ರೆಕ್ಕೆ ಕೂಡುವ ಕಡೆ ಒಂದು ರಂಧ್ರ. ಒಳಗೆ ಒಂದು ಗ್ರಂಥಿ. ಅಲ್ಲಿಂದ ಕೆಂಪು-ಕಂದು ರಸ ಬರುತ್ತದೆ, ಕೆಟ್ಟ ವಾಸನೆ. ಇದು ಶಾಯಿಯಲ್ಲ, ಶಾಯಿಯ ಚೀಲ ಬೇರೆಯೇ ಇದೆ. ಸೆಪಿಯೆಲ್ಲಾ ಕುಲಕ್ಕೆ ಮಾತ್ರ ಇರುವ ಗ್ರಂಥಿ ಇದು. ಫೇರೋ ಸೇರಿದಂತೆ ಸೆಪಿಯಾ ಕುಲದಲ್ಲಿ ಇಲ್ಲ. ನನ್ನ ಸ್ಟೀಲ್ ಡಬ್ಬಿಯಲ್ಲಿ ಚಿಕ್ಕದನ್ನು ಇಟ್ಟಿದ್ದೆ. ಹತ್ತು ನಿಮಿಷಕ್ಕೆ ಅದರ ಬಾಲದ ಕೆಳಗೆ ತುಕ್ಕಿನ ಬಣ್ಣದ ಕಲೆ ಬಿತ್ತು. ಆ ವಾಸನೆ ಮೂರು ಸಲ ಹುಣಸೆಹಣ್ಣು ಹಾಕಿ ತಿಕ್ಕಿದ ಮೇಲೆ ಹೋಯಿತು.

ಬುಟ್ಟಿಯಲ್ಲಿ ನಡುವಿನ ಗಾತ್ರದವೂ ಕೆಲವು ಇದ್ದವು. ಅವು ಫೇರೋದ ಮರಿಗಳು ಅಂತ ನಾನು ತಿಳಿದೆ. ಒಂದರ ಉದ್ದ ಕೈ ಎಳೆದು ನೋಡಿದರೆ ಬಟ್ಟಲು ಎಲ್ಲ ಹೆಚ್ಚುಕಡಿಮೆ ಸಮ. ಬಾಲ ಮುಟ್ಟಿದರೆ ಮುಳ್ಳಿದೆ. ಹಾಗಾದರೆ ಇದು ಸೆಪಿಯಾ ಅಕ್ಯುಲಿಯೇಟಾ. ಅದು ಫೇರೋಗೆ ಇನ್ನೂ ಹತ್ತಿರದ ನೆಂಟ, ಒಂದೇ ಕುಲ. ಮುಂಡ 23 ಸೆಂಟಿಮೀಟರಿನವರೆಗೆ ಬೆಳೆಯುತ್ತದೆ. ಮುಳ್ಳೊಂದನ್ನೇ ನಂಬಿದರೆ ಈ ಎರಡು ಬೆರೆತು ಹೋಗುತ್ತವೆ, ಹೀರುಬಟ್ಟಲು ನೋಡಲೇಬೇಕು. ಎರಕದವರಿಗೆ ಇದರ ದೊಡ್ಡ ಎಲುಬೂ ನಡೆಯುತ್ತದೆ.

ಅಕ್ಕ ದೊಡ್ಡದನ್ನು ಕೊಯ್ದಳು. ಬೆನ್ನಿನ ಚರ್ಮ ಉದ್ದಕ್ಕೆ ಸೀಳಿ, ಎರಡೂ ಬದಿ ಹೆಬ್ಬೆರಳು ಒತ್ತಿದಳು. ಎಲುಬು ಬಟಾಣಿ ಸಿಪ್ಪೆಯಿಂದ ಕಾಳು ಜಾರಿದಂತೆ ಹೊರಗೆ ಬಂತು. ಒಂದು ಹನಿ ರಕ್ತವಿಲ್ಲ. ಈ ಪ್ರಾಣಿಗಳ ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರ ಇರುತ್ತದೆ, ಬಣ್ಣ ನೀಲಿ ಛಾಯೆ. ಎಲುಬು ಅಂತ ನಾವು ಅನ್ನುತ್ತೇವೆ, ಆದರೆ ಇದು ಎಲುಬೇ ಅಲ್ಲ. ಶಂಖ, ಕಪ್ಪೆಚಿಪ್ಪಿನ ಬಳಗದ ಪ್ರಾಣಿ ಇದು. ಅವುಗಳ ಚಿಪ್ಪು ಹೊರಗೆ, ಇದರ ಚಿಪ್ಪು ಒಳಗೆ. ಎಲುಬಿಗೆ ರೊಕ್ಕ ಬೇಡ ಅಂದಳು. ದೊಡ್ಡದು ಮೂರು, ಚಿಕ್ಕದು ಎರಡು ಕೊಟ್ಟಳು. ನಾನು ಎರಡು ದೊಡ್ಡ ಪ್ರಾಣಿಗಳ ಬೆಲೆ ಕೊಟ್ಟು, ಮಾಂಸ ಅಲ್ಲೇ ಬಿಟ್ಟು ಬಂದೆ.

ಮನೆಗೆ ತಂದ ಕೂಡಲೇ ಎರಕ ಹೊಯ್ಯುವಂತಿಲ್ಲ. ಹಸಿ ಎಲುಬಿನ ತುಂಬ ನೀರು. ಕರಗಿದ ಬೆಳ್ಳಿ ಅದಕ್ಕೆ ತಾಗಿದರೆ ನೀರು ಒಮ್ಮೆಲೇ ಹಬೆಯಾಗಿ ಬೆಳ್ಳಿಯನ್ನು ಮುಖಕ್ಕೆ ಎರಚುತ್ತದೆ. ಇದನ್ನು ಯಾರೂ ಹಗುರವಾಗಿ ತಗೋಬಾರದು. ಮೊದಲು ಸಿಹಿನೀರಿನಲ್ಲಿ ಎರಡು ದಿನ ನೆನೆಸಿ, ನೀರು ಬದಲಿಸಿ ಉಪ್ಪು ತೆಗೆದೆ. ಆಮೇಲೆ ಮಾಳಿಗೆ ಮೇಲೆ ಹನ್ನೆರಡು ದಿನ ಬಿಸಿಲು. ಕಪ್ಪತಗುಡ್ಡದ ಕಡೆಯಿಂದ ಬೀಸುವ ಒಣಗಾಳಿಗೆ ಬೇಗ ಒಣಗಿದವು. ಕಾಗೆ ಕುಕ್ಕದಂತೆ ಶ್ಯಾವಿಗೆ ಒಣಗಿಸುವಾಗ ಮುಚ್ಚುವ ಹಳೇ ಸೀರೆ ಹೊದಿಸಿದ್ದೆ. ದಿನವೂ ತೂಕ ನೋಡುತ್ತಿದ್ದೆ. ಮೂರು ದಿನ ಸತತ ತೂಕ ಇಳಿಯದೆ ನಿಂತಾಗ ಒಣಗಿತು ಅಂತ ಲೆಕ್ಕ.

ಈ ನಡುವೆ ಶಾಲೆಯ ಮಕ್ಕಳ ಮುಂದೆ ಒಂದನ್ನು ಬಕೆಟ್ ನೀರಿಗೆ ಬಿಟ್ಟೆ. ತೇಲಿತು. ತೇಲುವುದೇ ಅದರ ಕೆಲಸ. ಎಲುಬನ್ನು ಅಡ್ಡ ಕೊಯ್ದು ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಒಂದರ ಮೇಲೊಂದು ತೆಳ್ಳನೆ ಮಾಳಿಗೆಗಳು, ನಡುವೆ ನಿಂತ ಗೋಡೆಗಳು. ಆ ಗೋಡೆಗಳು ನೇರ ಇಲ್ಲ, ಹಾವಿನಂತೆ ಬಳುಕಿವೆ. ಎಲ್ಲ ಅರಗೊನೈಟ್, ಅಂದರೆ ಸುಣ್ಣದಕಲ್ಲಿನ ವಸ್ತುವೇ, ಹರಳಿನ ಜೋಡಣೆ ಬೇರೆ. ಇಡೀ ಎಲುಬಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಖಾಲಿ ಜಾಗ. ಬದುಕಿರುವಾಗ ಪ್ರಾಣಿ ಈ ಕೋಣೆಗಳಿಂದ ನೀರನ್ನು ಹೊರಗೆ ಎಳೆದು ಹಗುರವಾಗುತ್ತದೆ, ಒಳಗೆ ಬಿಟ್ಟು ಭಾರವಾಗುತ್ತದೆ. ಡೆಂಟನ್ ಮತ್ತು ಗಿಲ್ಪಿನ್-ಬ್ರೌನ್ ಎಂಬ ಇಬ್ಬರು ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಇದನ್ನು ಪ್ರಯೋಗ ಮಾಡಿ, 1961ರಲ್ಲಿ ಪ್ರಕಟಿಸಿದರು. ಬೆಳೆದಂತೆ ಹೊಟ್ಟೆಯ ಕಡೆಯಿಂದ ಹೊಸ ಪದರ ಸೇರುತ್ತ ಹೋಗುತ್ತದೆ. ಹೀಗಾಗಿ ದೊಡ್ಡ ಜಾತಿಯ ದೊಡ್ಡ ಪ್ರಾಣಿಯ ಎಲುಬು ದಪ್ಪ. ನನಗೆ ಬೇಕಾದ್ದು ಆ ದಪ್ಪವೇ.

ಒಣಗಿದ ಫೇರೋ ಎಲುಬಿನ ಅಳತೆ: ಉದ್ದ 24 ಸೆಂಟಿಮೀಟರು, ಅಗಲ ಎಂಟೂವರೆ, ದಪ್ಪ ಇರುವ ಕಡೆ 22 ಮಿಲಿಮೀಟರು. ಮೊದಲಿನದಕ್ಕೆ ಹೋಲಿಸಿದರೆ ದಪ್ಪದಲ್ಲಿ ಎರಡೂವರೆ ಪಟ್ಟು ಮಿಕ್ಕಿ. ಬಾಲದ ಮುಳ್ಳು ಗಟ್ಟಿಯಾಗಿತ್ತು. ಗರಗಸ ಹಿಡಿಯುವ ಮೊದಲು ಅದನ್ನು ಮುರಿದು ಹತ್ತಿಯಲ್ಲಿ ಸುತ್ತಿ ಇಟ್ಟೆ.

ಎರಡನೇ ಎರಕ ಒಂದು ಭಾನುವಾರ. ಅಪ್ಪ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತರು.

ಎಲುಬನ್ನು ಸಣ್ಣ ಗರಗಸದಿಂದ ಅಡ್ಡಕ್ಕೆ ಎರಡು ತುಂಡು ಮಾಡಿದೆ. ಗಾಜಿನ ಮೇಲೆ ಪಾಲಿಶ್ ಪೇಪರ್ ಇಟ್ಟು, ಎರಡರ ಮೆತ್ತಗಿನ ಮುಖವನ್ನು ಉಜ್ಜಿ ಸಪಾಟು ಮಾಡಿದೆ. ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಧೂಳು ಗಂಟಲಿಗೆ ಹಿಡಿಯುತ್ತದೆ. ಎರಡು ಮುಖ ಕೂಡಿಸಿ ದೀಪದ ಎದುರು ಹಿಡಿದಾಗ ನಡುವೆ ಬೆಳಕು ಕಾಣಬಾರದು. ಆಮೇಲೆ ಬಿಲ್ಲೆಯನ್ನು ಒಂದು ತುಂಡಿನ ನಡುವೆ ಇಟ್ಟು ಎರಡೂ ಹೆಬ್ಬೆರಳಿನಿಂದ ಒತ್ತಿದೆ.

ಒತ್ತುವಾಗ ಕೈಗೆ ತಿಳಿಯುವ ಅನುಭವ ವಿಚಿತ್ರ. ಜೇಡಿಮಣ್ಣು ಒತ್ತಿದರೆ ಪಕ್ಕಕ್ಕೆ ಸರಿಯುತ್ತದೆ. ಇದು ಸರಿಯುವುದಿಲ್ಲ. ಮಾಳಿಗೆಗಳು ಒಂದೊಂದಾಗಿ ಕುಸಿಯುತ್ತವೆ, ಬೆರಳ ಕೆಳಗೆ ಸಣ್ಣಗೆ ಕರ್ ಕರ್ ಅನ್ನುತ್ತದೆ, ಹಪ್ಪಳ ಮುರಿದಂತೆ. ಬಿಲ್ಲೆ ಎಷ್ಟು ಇಳಿಯಿತೋ ಅಷ್ಟೇ ಗುಳಿ, ಅಂಚು ಉಬ್ಬುವುದಿಲ್ಲ. ಹಾಗಾಗಿಯೇ ಹಗ್ಗದ ಅಂಚಿನ ಒಂದೊಂದು ಎಳೆಯೂ ಮೂಡಿತು. ಬಿಲ್ಲೆ ತೆಗೆದು ಲೆನ್ಸ್ ಹಿಡಿದರೆ ಅವ್ವನ ಸೀರೆಗೆ ಉಜ್ಜಿ ಉಜ್ಜಿ ಸವೆದ ಎರಡು ಎಸಳ ತುದಿಯೂ ಹಾಗೇ ಕಾಣುತ್ತಿತ್ತು. ಹಿಂದೆ ಎಷ್ಟು ಉಳಿದಿದೆ ಅಂತ ಗುಂಡುಸೂಜಿ ಇಳಿಸಿ ನೋಡಿದೆ. ಹದಿನಾರು ಮಿಲಿಮೀಟರು.

ಮೇಲಿನಿಂದ ಬೆಳ್ಳಿ ಇಳಿಯಲು ಆಲಿಕೆಯ ಆಕಾರದ ದಾರಿ ಕೊರೆದೆ. ಗಾಳಿ ಹೋಗಲು ಗುಳಿಯ ಅಂಚಿನಿಂದ ಮೇಲಕ್ಕೆ ನಾಲ್ಕು ಗೆರೆ, ಸೂಜಿಯಿಂದ. ಎಲುಬೇ ಗಾಳಿ ಹೀರುತ್ತದೆ, ಆದರೂ ಗೆರೆ ಇರಲಿ ಅಂದರು ಅಪ್ಪ. ಮೂರು ಮೂಲೆಗೆ ಕಡ್ಡಿಪೆಟ್ಟಿಗೆಯ ಕಡ್ಡಿ ಚುಚ್ಚಿ, ಎರಡು ತುಂಡು ಜರುಗದಂತೆ ಮಾಡಿದೆ. ಕಬ್ಬಿಣದ ತಂತಿ ಸುತ್ತುವಾಗ ಈ ಸಲ ಬೆನ್ನಿನ ಗಟ್ಟಿ ಪದರದ ಮೇಲೆ ರಟ್ಟಿನ ತುಂಡು ಇಟ್ಟು ಬಿಗಿದೆ. ಅಚ್ಚನ್ನು ಉಸುಕಿನಲ್ಲಿ ಅರ್ಧ ಹೂತು ನಿಲ್ಲಿಸಿದೆ.

ಬೆಳ್ಳಿ 16 ಗ್ರಾಂ. ಬಿಲ್ಲೆಗೆ ಬೇಕಾದ್ದು ಆರೂವರೆ, ಆದರೆ ಆಲಿಕೆ ತುಂಬಿ ಮೇಲಿನಿಂದ ಒತ್ತಬೇಕು. ಆ ಭಾರ ಇಲ್ಲದಿದ್ದರೆ ಬೆಳ್ಳಿ ಸಣ್ಣ ಎಳೆಗಳಿಗೆ ಇಳಿಯುವುದಿಲ್ಲ. ನನ್ನ ಹಳೇ ಕಾಲ್ಗೆಜ್ಜೆಯ ತುಂಡುಗಳು. ಅಪ್ಪ ಒರೆಗಲ್ಲಿಗೆ ಎರಡನ್ನೂ ತಿಕ್ಕಿ, ಡಾಬಿನ ಬೆಳ್ಳಿಗೆ ಹೊಂದುತ್ತದೆ ಅಂದಿದ್ದರು. ಶುದ್ಧ ಬೆಳ್ಳಿ ಕರಗುವುದು 961 ಡಿಗ್ರಿಗೆ. ತಾಮ್ರ ಬೆರೆತದ್ದು ಅದಕ್ಕಿಂತ ಬೇಗ. ಮೂಸೆಗೆ ಚಿಟಿಕೆ ಬಿಳಿಗಾರ ಹಾಕಿ ಗ್ಯಾಸ್ ಉರಿ ಹಿಡಿದೆ. ತುಂಡುಗಳು ಮೊದಲು ಕೆಂಪಗಾದವು, ಆಮೇಲೆ ಅಂಚು ಕಳೆದುಕೊಂಡವು, ಕೊನೆಗೆ ಒಂದೇ ಗುಂಡಾಗಿ ಮೂಸೆಯಲ್ಲಿ ತಿರುಗತೊಡಗಿತು. ಕನ್ನಡಿಯಂತೆ ಹೊಳೆಯುವವರೆಗೆ ತಡಿ, ಅವಸರ ಬ್ಯಾಡ ಅಂದರು ಅಪ್ಪ. ಅವರಿಗೆ ಗುಂಡು ಸರಿಯಾಗಿ ಕಾಣುತ್ತಿರಲಿಲ್ಲ. ಉರಿಯ ಸದ್ದು ಕೇಳಿಯೇ ಹೇಳುತ್ತಿದ್ದರು.

ಹೊಯ್ದೆ. ಒಂದೇ ಸಲ, ನಿಲ್ಲಿಸದೆ.

ಕೂದಲು ಸುಟ್ಟ ವಾಸನೆ ಎದ್ದಿತು. ಎಲುಬಿನ ಪದರಗಳಲ್ಲಿ ಸುಣ್ಣದ ಜೊತೆ ಕೈಟಿನ್ ಎಂಬ ವಸ್ತು ಇರುತ್ತದೆ, ಸುಡುವುದು ಅದು. ಹೊಗೆ ನಾಲ್ಕು ಗೆರೆಗಳಿಂದ ಸಣ್ಣಗೆ ಬಂತು. ನಾನು ಅಚ್ಚಿನ ಬೆನ್ನನ್ನೇ ನೋಡುತ್ತಿದ್ದೆ. ಕೆಂಪು ಚುಕ್ಕೆ ಬರಲಿಲ್ಲ. ಕೈ ಹತ್ತಿರ ಹಿಡಿದರೆ ಬೆನ್ನು ಬರೀ ಬೆಚ್ಚಗಿತ್ತು. ಇಷ್ಟು ಕಾವಿಗೆ ಸುಣ್ಣದಕಲ್ಲು ಕೂಡ ಒಡೆದು ಸುಟ್ಟ ಸುಣ್ಣ ಆಗಲು ಶುರುವಾಗುತ್ತದೆ, ಆದರೆ ಅದಕ್ಕೆ ಹೊತ್ತು ಬೇಕು. ಬೆಳ್ಳಿ ಅಷ್ಟರೊಳಗೆ ಗಟ್ಟಿಯಾಗಿರುತ್ತದೆ. ಅಚ್ಚು ಮಾತ್ರ ಒಂದೇ ಎರಕಕ್ಕೆ. ಒಳಗಿನ ಮೈ ಕಪ್ಪಾಗಿ, ಮುಟ್ಟಿದರೆ ಪುಡಿಯಾಯಿತು.

ಹೂವು ಪೂರ್ತಿ ಬಂದಿತ್ತು. ಎಂಟೂ ಎಸಳು, ನಡುವಿನ ಗುಂಡು, ಹಗ್ಗದ ಅಂಚು. ಹಳೆಯ ಬಿಲ್ಲೆಗಿಂತ ಕೂದಲೆಳೆಯಷ್ಟು ಚಿಕ್ಕದು, ಬೆಳ್ಳಿ ತಣಿಯುವಾಗ ಕುಗ್ಗುತ್ತದೆ. ಹಿಂಬದಿಯ ಸಪಾಟಿನ ಮೇಲೆ ನೀರಿನ ಅಲೆಯಂತೆ ಸಣ್ಣ ಸಣ್ಣ ಗೆರೆಗಳು ಇದ್ದವು. ಎಲುಬಿನ ಪದರಗಳ ಗುರುತು. ಅಲ್ಲಿ ಬಿಲ್ಲೆ ಒತ್ತಿರಲಿಲ್ಲ, ಎದುರಿನ ತುಂಡಿನ ಉಜ್ಜಿದ ಮುಖ ಹಾಗೇ ಅಚ್ಚಾಗಿತ್ತು.

ಅರ ಹಿಡಿದು ಆ ಗೆರೆ ತೆಗೆಯಲು ಹೊರಟೆ. ಅಪ್ಪ ತಡೆದರು. "ಹಳೇದರ ಹಿಂದ ಏನೈತಿ ನೋಡು ಮೊದಲ." ಡಾಬಿನ ಹಿಂಬದಿಯಲ್ಲಿ ವರ್ಷಗಳ ಕೊಳೆ ಕಪ್ಪಾಗಿ ಕೂತಿತ್ತು. ಅಂಟವಾಳದ ನೊರೆಯಲ್ಲಿ ನೆನೆಸಿ ಬ್ರಷ್ ಹಾಕಿದೆ. ಹೆಚ್ಚಿನ ಬಿಲ್ಲೆಗಳ ಬೆನ್ನು ಸವೆದು ನುಣ್ಣಗಾಗಿತ್ತು. ಆದರೆ ಕೊಂಡಿಯ ಪಕ್ಕದ ನಾಲ್ಕರಲ್ಲಿ, ಮೈಗೆ ಕಡಿಮೆ ತಾಗುವ ಜಾಗದಲ್ಲಿ, ಅದೇ ಅಲೆಗಳು. ನನ್ನ ಮುತ್ತಜ್ಜನ ಕಾಲದ ಡಾಬು ಅದು. ಮಾಡಿದವರು ಯಾರು ಅಂತ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಆದರೆ ಅವರೂ ಇಂಥದೇ ಒಂದು ಎಲುಬನ್ನು ಗಾಜಿಗೋ ಕಲ್ಲಿಗೋ ಉಜ್ಜಿ ಸಪಾಟು ಮಾಡಿದ್ದರು, ಬಿಲ್ಲೆಗೆ ಬೇಕಾದಷ್ಟು ದಪ್ಪ ಇದೆಯೇ ಅಂತ ನೋಡಿ ಆರಿಸಿದ್ದರು. ನಾನು ಗೆರೆ ಹಾಗೇ ಬಿಟ್ಟೆ.

ಆಲಿಕೆಯ ಕಡ್ಡಿ ಕತ್ತರಿಸಿ, ಬದಿ ಅರ ಹೊಡೆದು, ಎರಡು ಪಕ್ಕ ಸಣ್ಣ ಬಳೆ ಬೆಸೆದೆ. ಪಟಕದ ನೀರಿನಲ್ಲಿ ಕುದಿಸಿದಾಗ ಕಪ್ಪು ಹೋಗಿ ಬೆಳ್ಳಗಾಯಿತು. ತೂಕ 6.3 ಗ್ರಾಂ. ಹೊಸದರ ಹೊಳಪು ಹಳೆಯವುಗಳ ನಡುವೆ ಎದ್ದು ಕಾಣುತ್ತಿತ್ತು. ಕಪ್ಪು ಮಾಡಲೇ ಅಂದರೆ ಅವ್ವ ಒಪ್ಪಲಿಲ್ಲ. ಉಟ್ಟರೆ ತಾನೇ ಹೊಂದುತ್ತದೆ ಅಂದಳು. ಕೆಂಪು ದಾರ ಬಿಚ್ಚಿ ಮಡಚಿ ದೇವರ ಗೂಡಿನಲ್ಲಿ ಇಟ್ಟಳು.

ಉಳಿದ ಎಲುಬುಗಳಲ್ಲಿ ಒಂದು ಫೇರೋ, ಒಂದು ಇನರ್ಮಿಸ್ ಈಗ ಶಾಲೆಯ ಪ್ರಯೋಗಾಲಯದ ಗಾಜಿನ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಇವೆ. ಹೆಸರು ಬರೆದು ಅಂಟಿಸಿದ್ದೇನೆ. ಒಂಬತ್ತನೇ ಕ್ಲಾಸಿನ ಮಕ್ಕಳು ಮೊದಲು ಬಾಲದ ತುದಿಗೆ ಬೆರಳು ಇಟ್ಟು, ಆಮೇಲೆ ಚೀಟಿ ಓದುತ್ತಾರೆ.